ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮನೆಯಡುಗೆ: ಕಾಳು, ಸೊಪ್ಪು ಮತ್ತು ಹೊಲದ ಸಂಬಂಧ

ಪ್ರವೇಶ

ಚಾಮರಾಜನಗರ ಜಿಲ್ಲೆಯು ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳ ನೆಲವೆಂದು ಕನ್ನಡ ಸಂಶೋಧನ ಲೋಕಕ್ಕೆ ಚಿರಪರಿಚಿತವಾಗಿದೆ. ಕಂಸಾಳೆಯವರು, ನೀಲಗಾರರು ರಾತ್ರಿಯಿಡೀ ಹಾಡಿದ ಕಾವ್ಯಗಳು ಸಂಪುಟಗಳಾಗಿ ಪ್ರಕಟವಾಗಿವೆ; ಅವುಗಳ ಮೇಲೆ ಹಲವು ಅಧ್ಯಯನಗಳು ನಡೆದಿವೆ. ಆದರೆ ಆ ಹಾಡನ್ನು ಕೇಳಲು ಕುಳಿತ ಜನ ಸಂಜೆ ಏನನ್ನು ಉಂಡು ಬಂದಿದ್ದರು, ಆ ಊಟವು ಯಾವ ಹೊಲದಿಂದ ಯಾರ ಕೈಯಿಂದ ಬಂದಿತ್ತು ಎಂಬ ಪ್ರಶ್ನೆಗೆ ಅಷ್ಟೇ ಪ್ರಮಾಣದ ಗಮನ ದೊರೆತಿಲ್ಲ. ಅಡುಗೆಯನ್ನು ಕುರಿತು ಬರೆದಾಗಲೂ ಅದು ಬಹುಮಟ್ಟಿಗೆ ಪಾಕವಿಧಾನಗಳ ಪಟ್ಟಿಯಾಗಿ ನಿಲ್ಲುತ್ತದೆ.

ಪ್ರಸ್ತುತ ಲೇಖನವು ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಮನೆಯಡುಗೆಯಲ್ಲಿ ಕಾಳು, ತರಕಾರಿ ಹಾಗೂ ಹಸಿ ಸೊಪ್ಪುಗಳ ಸ್ಥಾನವನ್ನು ವಿವರಿಸುವ ಪ್ರಯತ್ನವಾಗಿದೆ. ಈ ಅಡುಗೆಯನ್ನು ಒಲೆಯ ಮುಂದಷ್ಟೇ ನಿಂತು ನೋಡಿದರೆ ಅದು ಅರ್ಥವಾಗುವುದಿಲ್ಲ. ಅದರ ಅರ್ಧ ಭಾಗವು ಹೊಲದಲ್ಲಿದೆ ಎಂಬುದು ಇಲ್ಲಿಯ ಮುಖ್ಯ ವಾದ. ಬೇಯಿಸಿದ ನೀರನ್ನು ಚೆಲ್ಲದಿರುವುದು, ಕಿತ್ತ ಕಳೆಯನ್ನು ಎಸೆಯದಿರುವುದು ಎಂಬ ಎರಡು ನಿಯಮಗಳ ಮೇಲೆ ಈ ಪಾಕಪದ್ಧತಿ ನಿಂತಿದೆ. ಮೊದಲನೆಯದು ಇಂದಿಗೂ ಉಳಿದಿದೆ. ಎರಡನೆಯದು ನಮ್ಮ ಕಣ್ಣೆದುರಿನಲ್ಲಿಯೇ ಕಳೆದುಹೋಗುತ್ತಿದೆ.

ಪ್ರದೇಶದ ಸ್ವರೂಪ

ಹಿಂದೆ ಅರಿಕುಠಾರವೆಂದು ಕರೆಯಲಾಗುತ್ತಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯವರ ನೆನಪಿನಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅದು ಹೊಸ ಜಿಲ್ಲೆಯ ಕೇಂದ್ರವಾಯಿತು. ಹಿಂದೆ ವಿಜಯಪುರವೆನಿಸಿದ್ದ ಗುಂಡ್ಲುಪೇಟೆಯು ಅದರ ಪಶ್ಚಿಮಕ್ಕಿದ್ದು, ಕೇರಳದ ವಯನಾಡಿಗೂ ತಮಿಳುನಾಡಿನ ನೀಲಗಿರಿಗೂ ಹೋಗುವ ದಾರಿಗಳು ಅಲ್ಲಿಂದಲೇ ಸಾಗುತ್ತವೆ. ಬಂಡೀಪುರದ ಕಾಡು, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟಗಳು ಈ ಸೀಮೆಯ ಅಂಚನ್ನು ನಿರ್ಮಿಸಿವೆ.

ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಭಾಗಕ್ಕೆ ಮುಂಗಾರಿನ ಅಬ್ಬರ ತಲಪುವುದಿಲ್ಲ. ಏಪ್ರಿಲ್–ಮೇ ತಿಂಗಳುಗಳ ಬಿರುಮಳೆ ಒಂದು ಸಲ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳ ಮಳೆ ಇನ್ನೊಂದು ಸಲ, ಹೀಗೆ ಎರಡು ಕಂತಿನಲ್ಲಿ ಮಳೆಯಾಗುತ್ತದೆ. ಸುವರ್ಣಾವತಿ, ಕಬಿನಿ ನಾಲೆಗಳ ಬಯಲನ್ನು ಬಿಟ್ಟರೆ ಉಳಿದದ್ದೆಲ್ಲ ಬಹುಪಾಲು ಖುಷ್ಕಿ ಭೂಮಿ. ರಾಗಿ, ಜೋಳ, ಹುರುಳಿ, ಅವರೆ, ತೊಗರಿ, ಅಲಸಂದೆ, ಹೆಸರು, ಉದ್ದು, ಹುಚ್ಚೆಳ್ಳುಗಳು ಈ ಮಳೆಗೆ ಒಗ್ಗಿಕೊಂಡ ಬೆಳೆಗಳು. ಮೊದಲ ಮಳೆ ಕೈಕೊಟ್ಟರೂ ಎರಡನೆಯ ಮಳೆಗೆ ಹುರುಳಿಯನ್ನಾದರೂ ಚೆಲ್ಲಬಹುದೆಂಬ ಭರವಸೆ ಇಲ್ಲಿಯ ರೈತನಿಗಿತ್ತು. ಆದುದರಿಂದ ಕಾಳು ಇಲ್ಲಿ ಊಟದ ರುಚಿಗೆ ಮಾತ್ರವಲ್ಲ, ವರ್ಷದ ಭದ್ರತೆಗೂ ಸಂಬಂಧಿಸಿದ್ದಾಗಿದೆ.

ಅಕ್ಕಡಿ: ಹೊಲದಲ್ಲಿಯೇ ಕೂಡಿಬರುವ ಊಟ

ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ವಾಡಿಕೆ ಇರಲಿಲ್ಲ. ಕೂರಿಗೆಯಿಂದ ರಾಗಿಯ ಹಲವು ಸಾಲುಗಳನ್ನು ಬಿತ್ತಿ, ನಡುನಡುವೆ ಒಂದೊಂದು ಸಾಲಿನಲ್ಲಿ ಸಡ್ಡೆಯ ಮೂಲಕ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳುಗಳನ್ನು ಬಿಡುತ್ತಿದ್ದರು. ಇದನ್ನೇ ಅಕ್ಕಡಿ ಸಾಲು ಎನ್ನುತ್ತಾರೆ. 1800–01ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ರಾಗಿಯ ಹೊಲದಲ್ಲಿ ಅವರೆ–ತೊಗರಿಗಳ ಸಾಲುಗಳಿರುವುದನ್ನು ಗಮನಿಸಿ ದಾಖಲಿಸಿದ್ದಾನೆ. ಎಂದರೆ ಈ ಕ್ರಮಕ್ಕೆ ಕಡೆಯ ಪಕ್ಷ ಎರಡು ಶತಮಾನಗಳ ಲಿಖಿತ ಸಾಕ್ಷ್ಯವಿದೆ.

ಅಕ್ಕಡಿಯನ್ನು ಕೃಷಿತಜ್ಞರು ಸಾಮಾನ್ಯವಾಗಿ ಮಣ್ಣಿನ ಸಾರಜನಕ, ಕೀಟ ನಿರ್ವಹಣೆ, ಮಳೆಯ ಅನಿಶ್ಚಿತತೆ ಇವುಗಳ ದೃಷ್ಟಿಯಿಂದ ವಿವರಿಸುತ್ತಾರೆ. ಅಡುಗೆಯ ದೃಷ್ಟಿಯಿಂದ ನೋಡಿದಾಗ ಅದರ ಇನ್ನೊಂದು ಮುಖ ಕಾಣುತ್ತದೆ. ರಾಗಿಯು ಹಿಟ್ಟಾಗುತ್ತದೆ, ಅವರೆ, ತೊಗರಿ, ಅಲಸಂದೆಗಳು ಸಾರಾಗುತ್ತವೆ, ಹುಚ್ಚೆಳ್ಳು ಚಟ್ನಿಯಾಗುತ್ತದೆ, ಜೋಳದ ದಂಟು ದನಕ್ಕಾಗುತ್ತದೆ, ಸಾಲುಗಳ ನಡುವೆ ತಾನಾಗಿ ಹುಟ್ಟಿದ ಸೊಪ್ಪು ಪಲ್ಯವಾಗುತ್ತದೆ. ತಟ್ಟೆಯಲ್ಲಿ ಒಟ್ಟಿಗೆ ಸೇರಬೇಕಾದವುಗಳೆಲ್ಲ ಹೊಲದಲ್ಲಿಯೇ ಒಟ್ಟಿಗೆ ಬೆಳೆದಿರುತ್ತವೆ. ಇವು ಒಂದೇ ಕಾಲಕ್ಕೆ ಕೈಗೆ ಬರುವುದಿಲ್ಲವೆಂಬುದೂ ಗಮನಾರ್ಹ. ಬಿತ್ತಿದ ಕೆಲವು ವಾರಗಳಲ್ಲಿ ಸೊಪ್ಪು, ಆಮೇಲೆ ಹಸಿ ಅಲಸಂದೆ, ಅನಂತರ ರಾಗಿ, ಮಾರ್ಗಶಿರ–ಪುಷ್ಯಗಳ ಚಳಿಯಲ್ಲಿ ಸೊಗಡಿನ ಅವರೆ, ಕೊನೆಗೆ ತೊಗರಿ ಹೀಗೆ ಒಂದು ಹೊಲವು ಐದಾರು ತಿಂಗಳ ಕಾಲ ಅಡುಗೆಮನೆಗೆ ಸರದಿಯಂತೆ ಒದಗುತ್ತದೆ.

ಅಡುಗೆಯ ಹೆಸರುಗಳು

ಈ ಸೀಮೆಯ ಆಡುಮಾತಿನಲ್ಲಿ ರಾಗಿಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ಹಕಾರ ಲೋಪವಾಗಿ ‘ಇಟ್ಟು’ ಎಂದೂ ಕೇಳಿಬರುತ್ತದೆ. ಹುರುಳಿಯು ‘ಹುಳ್ಳಿ’ ಅಥವಾ ‘ಉಳ್ಳಿ’ಯಾಗುತ್ತದೆ, ಅಲಸಂದೆಯು ‘ತಡಗುಣಿ’ಯಾಗುತ್ತದೆ. ಹಿಟ್ಟಿನ ಜೊತೆಗೆ ಬರುವ ಸಾರುಗಳ ಹೆಸರನ್ನು ಪರಿಶೀಲಿಸಿದರೆ ಅವು ಬಹುಮಟ್ಟಿಗೆ ಪದಾರ್ಥವನ್ನಲ್ಲ, ಕ್ರಿಯೆಯನ್ನು ಸೂಚಿಸುತ್ತವೆ ಎಂಬುದು ತಿಳಿಯುತ್ತದೆ.

‘ಉಪ್ಪೆಸರು’ ಎಂಬುದು ಉಪ್ಪು ಮತ್ತು ಎಸರು ಎಂಬ ಎರಡು ಪದಗಳ ಸಮಾಸ. ನಗರಗಳಲ್ಲಿ ಇದು ಉಪ್ಸಾರು ಎಂದು ಪ್ರಚಲಿತವಾಗಿದೆ. ಹುರುಳಿ, ಹೆಸರು, ತಡಗುಣಿ ಅಥವಾ ತೊಗರಿಬೇಳೆಯನ್ನು ಧಾರಾಳವಾದ ನೀರಿನಲ್ಲಿ ಅರೆಬೇಯಿಸಿ, ಬಿಡಿಸಿ ತೊಳೆದ ಸೊಪ್ಪನ್ನು ಹಾಕಿ, ಉಪ್ಪು ಬೆರೆಸಿ ಪೂರ್ತಿ ಬೇಯಿಸುತ್ತಾರೆ. ಬೆಂದ ಮೇಲೆ ಎಸರನ್ನು ಬಸಿದುಕೊಳ್ಳುತ್ತಾರೆ. ಸುಟ್ಟ ಅಥವಾ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಹಸಿ ಕೊತ್ತಂಬರಿಗಳನ್ನು ಕಲ್ಲಿನಲ್ಲಿ ಅರೆದ ‘ಖಾರ’ವು ಬೇರೆಯಾಗಿಯೇ ಇರುತ್ತದೆ. ಉಣ್ಣುವವರು ತಮಗೆ ಬೇಕಾದಷ್ಟು ಖಾರವನ್ನು ತಟ್ಟೆಯಲ್ಲಿಯೇ ಎಸರಿಗೆ ಕಲಸಿಕೊಳ್ಳುತ್ತಾರೆ. ಮಗುವಿಗೆ, ಬಾಣಂತಿಗೆ, ಮುದುಕರಿಗೆ, ಹೊಲದಿಂದ ಬಂದ ದುಡಿಮೆಗಾರರಿಗೆ ಒಂದೇ ಮಡಕೆಯ ಅಡುಗೆಯು ಬೇರೆ ಬೇರೆ ಹದದಲ್ಲಿ ಒದಗುವ ವ್ಯವಸ್ಥೆ ಇದು.

‘ಬಸ್ಸಾರು’ ಎಂದರೆ ಬಸಿದ ಸಾರು. ಇಲ್ಲಿಯೂ ಕಾಳು ಮತ್ತು ಸೊಪ್ಪನ್ನು ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ನೀರಿಗೆ ತೆಂಗಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ ಹಾಗೂ ಬೆಂದ ಕಾಳುಸೊಪ್ಪಿನದೇ ಒಂದು ಹಿಡಿಯನ್ನು ಅರೆದು ಸೇರಿಸಿ, ಹುಣಸೆಹುಳಿ ಬಿಟ್ಟು ಕುದಿಸುತ್ತಾರೆ. ಉಳಿದ ಕಾಳು–ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ ಸಿದ್ಧವಾಗುತ್ತದೆ. ‘ಮಸ್ಸೊಪ್ಪು’ ಎಂಬುದು ಮಸೆದ ಸೊಪ್ಪು. ಬೇಳೆಯೊಡನೆ ಬೆಂದ ಸೊಪ್ಪನ್ನು ಮಂತಿನಿಂದ ಮಸೆದು ಗಟ್ಟಿಯಾಗಿಸಿದ ಸಾರು. ನೆನೆಸಿದ ಹಸಿ ಅವರೆಯ ಸಿಪ್ಪೆಯನ್ನು ಬೆರಳಿನಿಂದ ಹಿಸುಕಿ ತೆಗೆದು ಮಾಡಿದ್ದು ‘ಹಿಸುಕಿದ ಬೇಳೆ’ಯ ಸಾರು.

ಬಸಿ, ಮಸೆ, ಹಿಸುಕು ಎಂಬ ಈ ಧಾತುಗಳು ಅಡುಗೆಯ ತತ್ತ್ವವನ್ನೇ ಹೇಳುತ್ತವೆ. ಪದಾರ್ಥವು ಋತುವಿನೊಂದಿಗೆ ಬದಲಾಗುತ್ತದೆ, ಕ್ರಿಯೆಯು ಸ್ಥಿರವಾಗಿರುತ್ತದೆ. ಆದುದರಿಂದಲೇ ‘ಬಸ್ಸಾರಿಗೆ ಯಾವ ಸೊಪ್ಪು?’ ಎಂಬ ಪ್ರಶ್ನೆಗೆ ಈ ಸೀಮೆಯ ಗೃಹಿಣಿಯಲ್ಲಿ ಒಂದೇ ಉತ್ತರವಿಲ್ಲ. ಇಂದು ಹೊಲದಲ್ಲಿ ಸಿಕ್ಕಿದ್ದು ಯಾವುದೋ ಅದು ಎಂಬುದೇ ಉತ್ತರ. ಅಳತೆಗಳನ್ನು ನಿಗದಿಪಡಿಸುವ ಪಾಕಪುಸ್ತಕಗಳಲ್ಲಿ ಈ ನಮ್ಯತೆಗೆ ಸ್ಥಳ ದೊರೆಯುವುದಿಲ್ಲ.

ಸೊಪ್ಪು ಮತ್ತು ಕಳೆ

ಈ ಸೀಮೆಯಲ್ಲಿ ಬಳಕೆಯಾಗುವ ಸೊಪ್ಪುಗಳನ್ನು ಸ್ಥೂಲವಾಗಿ ಮೂರು ವರ್ಗಗಳಲ್ಲಿ ಇರಿಸಬಹುದು. ಬಿತ್ತಿ ಬೆಳೆಯುವ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಗಳು ಮೊದಲನೆಯ ವರ್ಗ. ಹಿತ್ತಿಲಿನ ಮರ–ಬಳ್ಳಿಗಳಿಂದ ಕೀಳುವ ನುಗ್ಗೆ, ಅಗಸೆ, ಕರಿಬೇವು, ಕುಂಬಳದ ಕುಡಿ, ಹುಣಸೆಯ ಚಿಗುರು ಎರಡನೆಯದು. ಹೊಲ, ಬದು, ಕೆರೆಯಂಗಳಗಳಲ್ಲಿ ತಾವಾಗಿ ಹುಟ್ಟುವ ಅಣ್ಣೆ, ಕೀರೆ, ಕನ್ನೆ, ಗೋಣಿ, ಗಣಿಕೆ, ಹೊನಗೊನೆ, ತುಂಬೆ ಮೊದಲಾದವು ಮೂರನೆಯದು. ಈ ಮೂರನೆಯ ವರ್ಗದ ಹಲವು ಸೊಪ್ಪುಗಳನ್ನು ಕೂಡಿಸಿ ‘ಬೆರಕೆ ಸೊಪ್ಪು’ ಎನ್ನುತ್ತಾರೆ. ಉಪ್ಪೆಸರಿಗೂ ಮಸ್ಸೊಪ್ಪಿಗೂ ಬೆರಕೆ ಸೊಪ್ಪೇ ಶ್ರೇಷ್ಠವೆಂಬುದು ಸಾಮಾನ್ಯ ಅಭಿಪ್ರಾಯ. ಒಂದರ ಲೋಳೆ, ಇನ್ನೊಂದರ ಹುಳಿ, ಮತ್ತೊಂದರ ಸಣ್ಣ ಕಹಿ ಸೇರಿ ಬರುವ ರುಚಿಯನ್ನು ಒಂಟಿ ಸೊಪ್ಪು ಕೊಡಲಾರದು.

ಕುತೂಹಲದ ಸಂಗತಿಯೆಂದರೆ, ಈ ಮೂರನೆಯ ವರ್ಗದ ಬಹುತೇಕ ಸಸ್ಯಗಳು ಕೃಷಿವಿಜ್ಞಾನದ ಗ್ರಂಥಗಳಲ್ಲಿ ಕಳೆಗಳ ಪಟ್ಟಿಯಲ್ಲಿವೆ. ಸಿಲೋಸಿಯಾ ಅರ್ಜೆಂಟಿಯಾ ಎಂದು ಅಲ್ಲಿ ದಾಖಲಾಗಿರುವುದು ಅಡುಗೆಮನೆಯ ಅಣ್ಣೆ ಸೊಪ್ಪು. ಕೊಮೆಲಿನಾ ಬೆಂಗಾಲೆನ್ಸಿಸ್ ಎಂಬುದು ಕನ್ನೆ ಸೊಪ್ಪು. ಒಂದೇ ಗಿಡವು ಹೊಲದ ಲೆಕ್ಕದಲ್ಲಿ ನಷ್ಟ, ಅಡುಗೆಯ ಲೆಕ್ಕದಲ್ಲಿ ಲಾಭ. ಈ ಎರಡು ಲೆಕ್ಕಗಳನ್ನು ಕೂಡಿಸುತ್ತಿದ್ದವಳು ಕಳೆ ಕೀಳುವ ಹೆಂಗಸು. ಕಳೆ ಕೀಳುತ್ತ ಕೀಳುತ್ತ, ಎಳೆಯದಾದ, ತಿನ್ನಲು ಯೋಗ್ಯವಾದ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು, ಉಳಿದದ್ದನ್ನು ದನಕ್ಕೆ ಕಟ್ಟಿಕೊಂಡು ಅವಳು ಸಂಜೆ ಮನೆಗೆ ಬರುತ್ತಿದ್ದಳು. ಯಾವುದು ಸೊಪ್ಪು, ಯಾವುದು ಬರಿಯ ಕಳೆ, ಯಾವುದನ್ನು ಹೂ ಬಿಡುವ ಮುನ್ನವೇ ಕೀಳಬೇಕು, ಯಾವುದನ್ನು ಬೇರೆಯದರೊಡನೆ ಬೆರೆಸಿಯೇ ತಿನ್ನಬೇಕು ಎಂಬ ಜ್ಞಾನವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೆಲಸದ ನಡುವೆಯೇ ಹರಿದುಬರುತ್ತಿತ್ತು. ಅದಕ್ಕೆ ಪ್ರತ್ಯೇಕವಾದ ಪಾಠವಿರಲಿಲ್ಲ; ಆದುದರಿಂದ ಕೆಲಸ ನಿಂತರೆ ಪಾಠವೂ ನಿಲ್ಲುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ಜ್ಞಾನವು ಇನ್ನಷ್ಟು ವಿಸ್ತಾರವಾದುದು. ಕಾಡಿನ ಸೊಪ್ಪು, ಗೆಡ್ಡೆ–ಗೆಣಸುಗಳ ಜೊತೆಗೆ ರಾಗಿ, ಅವರೆ, ಸಾಸಿವೆ, ಕುಂಬಳಗಳನ್ನು ಕೂಡಿಸಿ ಬೆಳೆಯುವ ಸ್ಥಳಾಂತರ ಬೇಸಾಯವು ಅವರದಾಗಿತ್ತು. 1974ರಲ್ಲಿ ಬೆಟ್ಟವು ವನ್ಯಜೀವಿ ಧಾಮವಾದ ಅನಂತರ ಆ ಬೇಸಾಯವು ನಿಂತು, ಬೆಳೆಯು ಪೋಡುಗಳ ಸುತ್ತಲಿನ ಸಣ್ಣ ತುಂಡುಗಳಿಗೆ ಸೀಮಿತವಾಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯನ್ವಯ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆತುದು ಈ ದೃಷ್ಟಿಯಿಂದಲೂ ಮಹತ್ತ್ವದ್ದು. ಏಕೆಂದರೆ ಸಂಗ್ರಹದ ಹಕ್ಕಿಲ್ಲದ ಕಡೆ ಸಸ್ಯಜ್ಞಾನವು ಬಹುಕಾಲ ಬದುಕಲಾರದು.

ಗ್ರಂಥಸ್ಥ ಪಾಕ ಮತ್ತು ಮನೆಯ ಪಾಕ

ಕನ್ನಡದಲ್ಲಿ ಪಾಕಸಾಹಿತ್ಯಕ್ಕೆ ದೀರ್ಘವಾದ ಪರಂಪರೆಯಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಕ್ಕೆ ಮೀಸಲಾದ ಭಾಗವಿದೆ. ಕಲ್ಲಹಳ್ಳಿಯ ಮೂರನೆಯ ಮಂಗರಸನು 1508ರ ಸುಮಾರಿಗೆ ‘ಸೂಪಶಾಸ್ತ್ರ’ವನ್ನು ರಚಿಸಿದನು. ಇವು ಅಮೂಲ್ಯವಾದ ಆಕರಗಳೇ ಆಗಿದ್ದರೂ ಅರಮನೆಯ ಹಾಗೂ ಉಳ್ಳವರ ಪಾಕಗಳ ಕಡೆಗೆ ಹೆಚ್ಚಾಗಿ ವಾಲಿದವು. ಹೊಲದ ಕಳೆಯನ್ನು ಹುರುಳಿಯೊಡನೆ ಬೇಯಿಸಿ ಉಣ್ಣುವವರ ಅಡುಗೆಗೆ ಅಂಥ ಬರವಣಿಗೆಯ ಭಾಗ್ಯ ಒದಗಲಿಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯು ಭತ್ತದೆದುರು ರಾಗಿಯ ಪಕ್ಷವನ್ನು ಎತ್ತಿಹಿಡಿದ ಕಾರಣಕ್ಕೆ ವಿಶಿಷ್ಟವಾಗಿ ನಿಲ್ಲುತ್ತದೆ. ಧಾನ್ಯಗಳ ನಡುವಿನ ಈ ತಾರತಮ್ಯವು ಉಣ್ಣುವವರ ನಡುವಿನ ತಾರತಮ್ಯವೇ ಎಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ.

ಮನೆಯ ಪಾಕವು ಪ್ರಾಚೀನವೆಂದ ಮಾತ್ರಕ್ಕೆ ಬದಲಾಗದೆ ನಿಂತುದಲ್ಲ. ಮಂಗರಸನ ಕಾಲಕ್ಕೆ ಮೆಣಸಿನಕಾಯಿ ನಮ್ಮ ಅಡುಗೆಗೆ ಬಂದಿರಲಿಲ್ಲ. ಅಮೆರಿಕ ಖಂಡದ ಆ ಬೆಳೆಯು ಪೋರ್ಚುಗೀಸರ ಮೂಲಕ ಬಂದು ಅನಂತರದ ಕಾಲದಲ್ಲಿ ಹರಡಿತು. ಮೆಣಸು ಎಂಬ ಹಳೆಯ ಪದದಿಂದಲೇ ‘ಮೆಣಸಿನಕಾಯಿ’ ಎಂಬ ಹೆಸರು ರೂಪುಗೊಂಡಿದೆ. ಉಪ್ಪೆಸರಿನ ಖಾರದಲ್ಲಿ ಮೆಣಸಿನಕಾಯಿಯ ಜೊತೆಗೆ ಕಾಳುಮೆಣಸೂ ಉಳಿದುಕೊಂಡಿರುವುದು ಆ ಹಳೆಯ ಪದರದ ಕುರುಹೆಂದು ಊಹಿಸಲು ಅವಕಾಶವಿದೆ. ಟೊಮೇಟೊ, ಎಲೆಕೋಸು, ಹುರುಳಿಕಾಯಿಗಳು ಇನ್ನೂ ಈಚಿನವು. ಹೊಸದನ್ನು ಒಳಗೊಳ್ಳುವ ಶಕ್ತಿ ಈ ಅಡುಗೆಗೆ ಎಂದಿನಿಂದಲೂ ಇದೆ.

ಪೌಷ್ಟಿಕತೆಯ ದೃಷ್ಟಿ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವೂ ಸುಮಾರು 7 ಗ್ರಾಂ ಸಸಾರಜನಕವೂ ಇವೆ. ಹುರುಳಿಯಲ್ಲಿ ಸಸಾರಜನಕವು ಸುಮಾರು 22 ಗ್ರಾಂ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಹೆಚ್ಚು. ಮೆಥಿಯೊನಿನ್‌ನ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಹಿಟ್ಟು ಮತ್ತು ಕಾಳಿನ ಸಾರು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಸೊಪ್ಪು ಬೇಯುವಾಗ ಅದರ ಕೆಲವು ಜೀವಸತ್ತ್ವಗಳೂ ಲವಣಗಳೂ ನೀರಿಗಿಳಿಯುತ್ತವೆ. ಬಸ್ಸಾರು, ಉಪ್ಪೆಸರುಗಳಲ್ಲಿ ಆ ನೀರೇ ಸಾರಾಗುವುದರಿಂದ ಅವು ಪೂರ್ತಿಯಾಗಿ ನಷ್ಟವಾಗುವುದಿಲ್ಲ.

ರಾಗಿ ಮತ್ತು ಕಾಳುಗಳಲ್ಲಿರುವ ಫೈಟೇಟು ಮೊದಲಾದ ಅಂಶಗಳು ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ. ಹುರುಳಿಯನ್ನು ಮೊಳಕೆ ಕಟ್ಟಿಸುವುದರಿಂದ ಈ ತಡೆ ಕಡಿಮೆಯಾಗುತ್ತದೆ. ಈರುಳ್ಳಿ–ಬೆಳ್ಳುಳ್ಳಿಗಳು ಧಾನ್ಯ ಮತ್ತು ಕಾಳುಗಳಲ್ಲಿನ ಕಬ್ಬಿಣ ಹಾಗೂ ಸತುವಿನ ಲಭ್ಯತೆಯನ್ನು ಹೆಚ್ಚಿಸುತ್ತವೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಶಾಲಾ ಅಧ್ಯಯನವು ತೋರಿಸಿದೆ. ಉಪ್ಪೆಸರಿನ ಖಾರದಲ್ಲಿ ಬೆಳ್ಳುಳ್ಳಿಗೆ ಇರುವ ಸ್ಥಾನವನ್ನು ಈ ಹಿನ್ನೆಲೆಯಲ್ಲಿಯೂ ನೋಡಬಹುದು.

ಹೀಗೆಂದು ಈ ಅಡುಗೆಯನ್ನು ಕೇವಲ ವೈಭವೀಕರಿಸುವುದು ಸಲ್ಲದು. ಎಣ್ಣೆ ಕಡಿಮೆಯಿರುವುದು ಎಲ್ಲ ಮನೆಗಳಲ್ಲಿಯೂ ಆರೋಗ್ಯದ ಆಯ್ಕೆಯಾಗಿರಲಿಲ್ಲ. ಅನೇಕ ಕಡೆ ಅದು ಎಣ್ಣೆಯ ಅಭಾವವಾಗಿತ್ತು. ‘ಸೊಪ್ಪು–ಸೊದೆ ತಿಂದು ಬದುಕಿದೆವು’ ಎಂಬ ಮಾತು ಬಡತನದ ನೆನಪನ್ನು ಹೊತ್ತಿದೆ. 1876–78ರ ಮಹಾಕ್ಷಾಮದಂಥ ಕಾಲದಲ್ಲಿ ಸೊಪ್ಪು ಹಸಿವಿನ ಕಡೆಯ ಆಸರೆಯಾಗಿತ್ತು. ಕೂಲಿಯಾಗಿ ಕಳೆ ಕಿತ್ತು, ಅದೇ ಕೈಯಲ್ಲಿ ಸೊಪ್ಪು ಬಿಡಿಸಿ, ಖಾರ ಅರೆದು, ಹಿಟ್ಟು ತೊಳಸಿದ ಹೆಂಗಸರ ದುಡಿಮೆಯನ್ನು ಮರೆತು ರುಚಿಯನ್ನಷ್ಟೇ ಹೊಗಳುವುದು ಸಂಶೋಧನೆಯಾಗಲಾರದು.

ಬದಲಾದ ಹೊಲ

ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯ ಹೊಲಗಳ ಸ್ವರೂಪ ಬದಲಾಗಿದೆ. ಗುಂಡ್ಲುಪೇಟೆಯ ಖುಷ್ಕಿ ಹೊಲಗಳಲ್ಲಿ ಸೂರ್ಯಕಾಂತಿ ಮತ್ತು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಬೆಳೆಯುವ ಚೆಂಡುಹೂವು, ಕೊಳವೆಬಾವಿಯ ಆಸರೆಯಲ್ಲಿ ಬಾಳೆ, ಅರಿಸಿನ, ಸಾಂಬಾರ ಈರುಳ್ಳಿ, ಟೊಮೇಟೊ, ಎಲೆಕೋಸು ಬಂದಿವೆ. ಇಲ್ಲಿಯ ತರಕಾರಿ ಕೇರಳಕ್ಕೆ, ಅರಿಸಿನವು ಈರೋಡಿನ ಮಾರುಕಟ್ಟೆಗೆ ಹೋಗುತ್ತದೆ. ರೈತನ ಕೈಗೆ ನಗದು ಬಂದಿದೆ, ಇದನ್ನು ಕಡೆಗಣಿಸುವಂತಿಲ್ಲ. ಅರಿಸಿನದ ನಡುವೆ ಈರುಳ್ಳಿ, ಮೆಣಸಿನಕಾಯಿ ಬೆಳೆಯುವ ಕ್ರಮದಲ್ಲಿ ಮಿಶ್ರಬೇಸಾಯದ ಬುದ್ಧಿಯೂ ಉಳಿದಿದೆ. ಆದರೆ ಈ ಮಿಶ್ರಣವು ಮಾರುಕಟ್ಟೆಯನ್ನು ನೋಡುತ್ತದೆ, ಅಡುಗೆಮನೆಯನ್ನಲ್ಲ.

ಇದರ ಪರಿಣಾಮವು ಎರಡು ಬಗೆಯದು. ಕಾಳು ಅಂಗಡಿಯಿಂದ ಬರತೊಡಗಿತು. ಹಣವಿದ್ದರೆ ಇದು ದೊಡ್ಡ ನಷ್ಟವಲ್ಲ. ಆದರೆ ಬೆರಕೆ ಸೊಪ್ಪು ಅಂಗಡಿಯಿಂದ ಬರುವುದು ಅಪರೂಪ. ಕೀಟನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನು ತಿನ್ನುವಂತಿಲ್ಲ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಸೊಪ್ಪೇ ಇರುವುದಿಲ್ಲ. ಕೂಲಿ ದುಬಾರಿಯಾದ ಕಾಲದಲ್ಲಿ ರೈತನು ಕಳೆನಾಶಕದ ಕಡೆ ತಿರುಗುವುದಕ್ಕೆ ಸಕಾರಣವಿದೆ. ಆದರೆ ಅದರೊಂದಿಗೆ ಸೊಪ್ಪು ಮತ್ತು ಕಳೆ ಎಂಬ ಭೇದವು ಅನವಶ್ಯಕವಾಗಿ, ಆ ಗಿಡಗಳ ಹೆಸರುಗಳೂ ಬಾಯಿಂದ ಮರೆಯಾಗುತ್ತವೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡವರ ಹಸಿವನ್ನು ತಗ್ಗಿಸುವಲ್ಲಿ ವಹಿಸಿದ ಪಾತ್ರ ನಿರ್ವಿವಾದ. ಅದರ ಜೊತೆಗೆ ಅನ್ನದ ಪಾಲು ಹೆಚ್ಚಿ, ಹಿಟ್ಟಿನೊಡನೆ ಹೊಂದಿಕೊಂಡಿದ್ದ ಸಾರುಗಳ ಸರದಿಯೂ ಬದಲಾಗಿದೆ.

ಇನ್ನೊಂದೆಡೆ, ಉಪ್ಸಾರು–ಮುದ್ದೆಯು ಬೆಂಗಳೂರು, ಮೈಸೂರುಗಳ ಹೋಟೆಲುಗಳಲ್ಲಿ ಗೌರವದ ತಿನಿಸಾಗಿದೆ. ವಿಶ್ವಸಂಸ್ಥೆಯು 2016ನ್ನು ಬೇಳೆಕಾಳುಗಳ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿದುದರಿಂದ ರಾಗಿ, ಹುರುಳಿಗಳಿಗೆ ಹೊಸ ಮನ್ನಣೆ ದೊರೆತಿದೆ. ಹೊಲದ ಸೊಪ್ಪುಗಳಿಗೆ ಅಂಥ ವರ್ಷವಾವುದೂ ಬಂದಿಲ್ಲ. ಹೋಟೆಲಿನ ಉಪ್ಸಾರಿನಲ್ಲಿ ವರ್ಷವಿಡೀ ಸಿಗುವ ದಂಟೋ ಪಾಲಕ್ಕೋ ಇರುತ್ತದೆ. ಪಾಕವಿಧಾನವು ಉಳಿದು ಪಾಕದ ಒಳಗಿನ ವೈವಿಧ್ಯವು ಹೋಗಿರುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದೆಂದರೆ, ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮನೆಯಡುಗೆಯ ಬಸಿಯುವ, ಮಸೆಯುವ ಕ್ರಮಗಳಿಗೆ ಸದ್ಯಕ್ಕೆ ಅಪಾಯವಿಲ್ಲ. ಅವನ್ನು ಬರೆದಿಡಬಹುದು, ಕಲಿಸಬಹುದು. ಅಪಾಯವಿರುವುದು ಯಾವ ಪಾಕಪುಸ್ತಕದಲ್ಲಿಯೂ ಪೂರ್ತಿಯಾಗಿ ಅಡಗದ, ಹೊಲದಲ್ಲಿ ಬಗ್ಗಿ ನಿಂತು ಆಯ್ದುಕೊಳ್ಳುವ ಕಣ್ಣಿಗೆ.

ಆದುದರಿಂದ ಮುಂದಿನ ಅಧ್ಯಯನಗಳು ತಿನಿಸುಗಳ ಪಟ್ಟಿಯಿಂದಲ್ಲದೆ ಸೊಪ್ಪುಗಳ ಪಟ್ಟಿಯಿಂದ ಆರಂಭವಾಗುವುದು ಯುಕ್ತವೆನಿಸುತ್ತದೆ. ಪ್ರತಿ ಸೊಪ್ಪಿಗೂ ಅದರ ಊರಿನ ಹೆಸರು, ಸಸ್ಯಶಾಸ್ತ್ರೀಯ ಹೆಸರು, ಹುಟ್ಟುವ ನೆಲ, ಕೀಳುವ ಕಾಲ, ತಿನ್ನುವ ಭಾಗ, ಕೂಡುವ ಕಾಳು, ತಿನ್ನಬಾರದ ಸಂದರ್ಭ ಇವಿಷ್ಟನ್ನು ದಾಖಲಿಸಬೇಕು. ಭಾಷಾಶಾಸ್ತ್ರಜ್ಞರು, ಸಸ್ಯಶಾಸ್ತ್ರಜ್ಞರು ಮತ್ತು ಜಾನಪದ ವಿದ್ವಾಂಸರು ಒಂದೇ ಹೊಲದಲ್ಲಿ ಒಟ್ಟಿಗೆ ನಡೆದರೆ ಮಾತ್ರ ಇದು ಸಾಧ್ಯ. ಮಾಹಿತಿ ನೀಡುವವರು ಬಹುಪಾಲು ವಯಸ್ಸಾದ ಹೆಂಗಸರು, ಅದರಲ್ಲಿಯೂ ಭೂಮಿಯಿಲ್ಲದೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತವರು. ಕಾವ್ಯ ಹಾಡಿದ ಗಾಯಕರನ್ನು ಹೆಸರಿಸಿ ಗೌರವಿಸಿದಂತೆ ಇವರನ್ನೂ ವಿದ್ವಾಂಸರೆಂದು ಹೆಸರಿಸಿ ದಾಖಲಿಸುವುದು ನ್ಯಾಯ. ಅವರಲ್ಲಿ ಅನೇಕರು ಇಂದಿಗೂ ನಮ್ಮ ನಡುವೆ ಇದ್ದಾರೆ. ಈ ಕೆಲಸಕ್ಕೆ ಉಳಿದಿರುವ ಅವಧಿಯೂ ಅಷ್ಟೇ.